ಗೌಡರ ದನಿ ತುಂಬಿಸಿದ್ದು

ಮೈಕಿನಲ್ಲಿ ಸಾರುವ ಕೆಲಸಕ್ಕೆ ಗಂಟಲಿಗಿಂತ ಮುಖ್ಯವಾದದ್ದು ಕುಂಡಿ. ಬೆಳಗಿನಿಂದ ಸಂಜೆಯವರೆಗೆ ಎತ್ತಿನ ಬಂಡಿಯ ಮೇಲೆ, ಆ್ಯಸಿಡ್ ತುಳುಕಿಸುವ ಬ್ಯಾಟರಿಯನ್ನು ಮಗ್ಗುಲಲ್ಲಿ ಇಟ್ಟುಕೊಂಡು, ಜಾಲಿಕೊಂಬೆ ಬಂದಾಗಲೆಲ್ಲ ತಲೆ ತಗ್ಗಿಸಿ ಕೂರಬೇಕು. ಗಂಟಲು ಯಾರಿಗಾದರೂ ಇರುತ್ತದೆ. ಎಂಬತ್ತರ ದಶಕದಲ್ಲಿ ನಾನು ಜಗಳೂರಿನ ಒಂದು ಮೈಕ್ ಸೆಟ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ನನ್ನ ಎಲ್ಲ ಪ್ಯಾಂಟುಗಳ ಬಲತೊಡೆಯ ಮೇಲೂ ಆ್ಯಸಿಡ್ ತಿಂದ ತೂತುಗಳಿದ್ದವು. ಬೊಂಬಾಯಿಯಲ್ಲಿ ಈಗ ಇದೇ ಫ್ಯಾಷನ್ ಎಂದು ಹೇಳಿಕೊಂಡು ತಿರುಗುತ್ತಿದ್ದೆ.

ನನಗಿದ್ದ ಇನ್ನೊಂದು ಬಂಡವಾಳ ಮಿಮಿಕ್ರಿ. ನ್ಯಾಮತಿ ಬಸ್ಸಿನ ಕಂಡಕ್ಟರ್, ಚನ್ನಗಿರಿ ಟೆಂಟಿನ ಗೇಟ್‌ಕೀಪರ್, ನಮ್ಮ ಅಂಗಡಿಯ ಸಾಹೇಬರು, ಸಾಹೇಬರ ಕೆಮ್ಮು, ಆ ಕೆಮ್ಮು ಕೇಳಿ ಒಳಗಿಂದ ಬೈಯುವ ಅವರ ಬೀಬಿ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆ ಇಲ್ಲದೆ ವಾಸವಾಗಿದ್ದರು. ನನ್ನದೇ ದನಿ ಯಾವುದೆಂದು ಕೇಳಿದರೆ ಮಾತ್ರ ಒಂದು ಕ್ಷಣ ಯೋಚಿಸಬೇಕಾಗುತ್ತಿತ್ತು. ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿದ್ದದ್ದು ನಮ್ಮೂರ ಗೌಡರ ದನಿ. ಮಾತಿನ ನಡುವೆ ‘ಹ್ಞಾಂ’ ಎಂದು ಕಫ ಸರಿಸಿಕೊಳ್ಳುವುದು, ಕೊನೆಯ ಅಕ್ಷರ ನುಂಗಿ ‘ತಿಳೀತಾ’ ಅನ್ನುವುದು, ಅದನ್ನು ಕೇಳಿದವನಿಗೆ ತಿಳಿಯದಿದ್ದರೂ ತಿಳಿಯಿತೆಂದು ತಲೆಯಾಡಿಸುವಂತೆ ಮಾಡುವುದು. ಇದನ್ನು ಜಗಳೂರಿನ ಬಸ್ ಸ್ಟ್ಯಾಂಡಿನಲ್ಲಿ ಮಾತ್ರ ಮಾಡುತ್ತಿದ್ದೆ. ಊರಲ್ಲಿ ಯಾರೆದುರೂ ಮಾಡಿರಲಿಲ್ಲ, ನಮ್ಮ ಕೇರಿಯಲ್ಲೂ. ಅಪ್ಪ ಆಣೆ ಹಾಕಿಸಿಕೊಂಡಿದ್ದ.

ಅಪ್ಪ ಊರಿನ ಹಲಗೆಯವನು. ಊರಲ್ಲಿ ಏನೇ ಸಾರಬೇಕಾದರೂ ಹಲಗೆ ಬಡಿದು ಬೀದಿ ಬೀದಿ ತಿರುಗಿ ಸಾರುವುದು ನಮ್ಮ ಮನೆಗೆ ತಲೆಯಿಂದ ತಲೆಗೆ ಬಂದ ಪಾಲು. ಹಿಂದಿನ ವರ್ಷ ನಮ್ಮ ಕೇರಿಯ ಸಂಘ ಸೇರಿ, ಬುದ್ಧನ ಫೋಟೋದ ಮುಂದೆ, ಇನ್ನು ಮೇಲೆ ಕೇರಿಯ ಯಾರೂ ಊರಿಗಾಗಿ ಹಲಗೆ ಬಡಿಯಬಾರದು, ಸಾರಬಾರದು ಎಂದು ತೀರ್ಮಾನ ಮಾಡಿತ್ತು. ಮೀರಿದವರ ಮನೆಯ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಕೇರಿಯ ಒಂದು ಜೀವವೂ ಹೊಸ್ತಿಲು ದಾಟುವುದಿಲ್ಲ. ಸಂಘದ ಅಧ್ಯಕ್ಷರು ನಮ್ಮ ಕೇರಿಯವರೇ ಆದ ಪ್ರೈಮರಿ ಸ್ಕೂಲಿನ ಮೇಷ್ಟ್ರು. ಒಪ್ಪುವವರು ಕೈ ಎತ್ತಿ ಎಂದಾಗ ನಾನು ಎರಡೂ ಕೈ ಎತ್ತಿದೆ. ಮೇಷ್ಟ್ರೇ ಬಂದು ಒಂದನ್ನು ಇಳಿಸಿದರು.

ನಿಜವಾಗಿಯೂ ಒಪ್ಪಿಯೇ ಎತ್ತಿದ್ದೆ. ಅಪ್ಪ ಸಾರಿ ಬಂದ ಮೇಲೆ ಗೌಡರ ಮನೆಯ ಹಿತ್ತಿಲಲ್ಲಿ ನಿಂತು ಸೆರಗೊಡ್ಡಿದ ಹಾಗೆ ಟವೆಲ್ ಒಡ್ಡುವುದನ್ನು ನೋಡಿದವನು ನಾನು.

ಆ ವರ್ಷ ತಂಗಿಗೆ ಸಂತೇಬೆನ್ನೂರಿನ ಕಡೆಯ ಗಂಡು ಗೊತ್ತಾಯಿತು. ಗಂಡಿನ ದೊಡ್ಡಪ್ಪ ಅಲ್ಲಿಯ ಸಂಘದವರು. ಮಾತುಕತೆಯ ದಿನ ನೇರವಾಗಿಯೇ ಹೇಳಿದರು:

“ನಾವು ಬಂಗಾರ ಕೇಳಾಕೆ ಬಂದಿಲ್ಲ ಕಣ್ರೀ. ಹಲಗೆ ಬಿಟ್ಟ ಮನಿ ಅಂತ ಕೇಳಿ ಬಂದೀವಿ. ಆ ಮಾತೊಂದು ಉಳಿಸ್ಕಂಡ್ರೆ ಸಾಕು.”

ಅಪ್ಪ ಕೈಮುಗಿದ. ಮದುವೆ ಮುಂದಿನ ತಿಂಗಳು ಎಂದಾಯಿತು.

ಅಷ್ಟರಲ್ಲಿ ಊರಿಗೆ ‘ಅಮ್ಮ’ ಬಂದಳು. ಮಕ್ಕಳ ಮೈಮೇಲೆಲ್ಲ ಗುಳ್ಳೆ. ನಮ್ಮ ಸೀಮೆಯಲ್ಲಿ ಹೀಗಾದಾಗ ಹೊರಬೀಡು ಮಾಡುತ್ತಾರೆ. ಒಂದು ಮಂಗಳವಾರ ಹೊತ್ತು ಹುಟ್ಟುವುದರೊಳಗೆ ಊರಿಗೆ ಊರೇ ಬಾಗಿಲು ಹಾಕಿಕೊಂಡು, ದನಕರು ಹೊಡೆದುಕೊಂಡು ಊರಾಚೆ ಹೋಗಿ, ಅಲ್ಲೇ ಅಡಿಗೆ ಮಾಡಿ ಉಂಡು, ದೀಪ ಹಚ್ಚುವ ಹೊತ್ತಿಗೆ ತಿರುಗಿ ಬರಬೇಕು. ಊರಬಾಗಿಲಿಗೆ ಮುಳ್ಳು ಹಚ್ಚಿರುತ್ತಾರೆ. ಆದರೆ ಮೊದಲು ಎಲ್ಲ ಬೀದಿಗಳಲ್ಲೂ ಸಾರಬೇಕು. ಸಾರದೆ ಹೊರಟರೆ ಹೊರಬೀಡು ಸಲ್ಲುವುದಿಲ್ಲ ಎಂಬುದು ಕಟ್ಟಳೆ. ಹಲಗೆ ಬಿಟ್ಟ ಅಪ್ಪ ಸಾರುವಂತಿಲ್ಲ. ಗೌಡರು ಆಳನ್ನು ಜಗಳೂರಿಗೆ ಅಟ್ಟಿ ಮೈಕ್ ಸೆಟ್ ಗೊತ್ತು ಮಾಡಿಸಿದರು. ಸೆಟ್ಟಿನ ಜೊತೆ ಹೋಗಬೇಕಾದವನು ನಾನು.

“ಸಾಹೇಬ್ರೇ, ಬ್ಯಾರೆ ಯಾರನ್ನಾದ್ರೂ ಕಳ್ಸಿ” ಎಂದೆ.

“ಬ್ಯಾರೆ ಯಾರವ್ರೆ? ಇನ್ನೊಬ್ಬ ದೊಡ್ಡ ಸೆಟ್ ತಗಂಡು ಹೊನ್ನಾಳಿಗೆ ಹೋಗವ್ನೆ. ನಿಂದೇ ಊರು, ದಾರಿ ಕೇಳೋದೂ ಬ್ಯಾಡ.”

“ನಮ್ಮ ಊರು ಅಂತಾನೇ ಬ್ಯಾಡ ಅನ್ನಾದು.” ಸಂಘದ ತೀರ್ಮಾನ ಹೇಳಿದೆ. ಸಾಹೇಬರು ಸ್ಕ್ರೂಡ್ರೈವರಿನಿಂದ ಕಿವಿ ಕೆರೆದುಕೊಳ್ಳುತ್ತಾ ಕೇಳಿದರು.

“ನಮ್ದೂ ಜಮಾತ್ ಐತೆ ಬೇಟಾ. ಶಾದಿ ಮನ್ಯಾಗೆ ಮೈಕ್ ಹಾಕಬಾರ್ದು ಅಂತ ಹೋದ ವರ್ಷ ಹೇಳಿದ್ರು. ಮೈಕ್ ಅಂಗಡಿ ಇಟ್ಕಂಡೋನು ನಾನು, ನನ್ ಮಗಳ ಶಾದೀನ ಸುಮ್ಕೆ ಮಾಡ್ದೆ. ಹಾಡಿಲ್ಲ, ಏನಿಲ್ಲ. ಹೋಗು, ನಿಮ್ಮೋರನ್ನ ಕೇಳ್ಕಂಡು ಬಾ. ಆಗಲ್ಲ ಅಂದ್ರೆ ಬ್ಯಾಟರಿ ಇಲ್ಲಿಟ್ಟು ಮನೆಗೆ ಹೋಗು. ಕೆಲ್ಸ ಮಾಡಲ್ಲ ಅನ್ನೋನ್ನ ಇಟ್ಕಂಡು ನಾ ಏನ್ ಮಾಡ್ಲಿ?”

ಕೇಳಿಕೊಂಡು ಬರಲು ಹೋದೆ. ಮೈಕು ಹಲಗೆಯೋ ಅಲ್ಲವೋ ಎಂಬ ಪ್ರಶ್ನೆ ಬಹುಶಃ ಭೂಮಿಯ ಮೇಲೆ ಮೊದಲ ಬಾರಿಗೆ ನಮ್ಮ ಕೇರಿಯಲ್ಲಿ ಚರ್ಚೆಯಾಯಿತು.

“ಹಲಗೆ ಚರ್ಮದ್ದು, ಮೈಕು ತಗಡಿಂದು. ಬ್ಯಾರೆ ಬ್ಯಾರೆ” ಎಂದ ಒಬ್ಬ ಚಿಕ್ಕಪ್ಪ.

“ತಗಡು ಚರ್ಮ ಅಲ್ಲ ಚಿಕ್ಕಪ್ಪ, ಗಂಟಲು ಯಾರದು ಅಂತ ನೋಡ್ರಿ” ಎಂದರು ಮೇಷ್ಟ್ರು. “ಟೆಂಟಿನ ಸಿನಿಮಾ ಸಾರಲಿ, ಬೀಡಿ ಸಾರಲಿ, ಅದು ನೌಕರಿ. ಊರಿನ ಕಟ್ಟಳೆ ಸಾರಿದ್ರೆ ಅದು ಇವನಪ್ಪನ ಪಾಲು. ಬ್ಯಾಟರಿ ಹಾಕ್ಕಂಡು ಅದೇ ಪಾಲು ಮಾಡಿದಂಗೆ. ‘ನೋಡ್ರಲೇ, ತೀರ್ಮಾನ ಮಾಡಿದ್ರು, ಕೊನಿಗೆ ಅವ್ರ ಹುಡುಗನೇ ಬಂದ’ ಅಂತ ಕಟ್ಟೆ ಮ್ಯಾಲೆ ಕುಂತು ನಗ್ತಾರೆ.”

ಅವರು ಹೇಳಿದ್ದು ಸರಿಯೇ ಇತ್ತು. ನನಗೆ ಸಿಟ್ಟು ಬಂದದ್ದೂ ಅದಕ್ಕೇ. ತಪ್ಪು ಹೇಳುವವರ ಜೊತೆ ಜಗಳವಾಡಬಹುದು.

ಮಾರನೆಯ ದಿನ ಅಂಗಡಿಯಲ್ಲಿ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕುತ್ತಿದ್ದಾಗ, ಮದುವೆಗಳಿಗೆ ಹಾಡು ಹಾಕುವ ಟೇಪ್ ರೆಕಾರ್ಡರ್ ಕಣ್ಣಿಗೆ ಬಿತ್ತು. ಸೈಕಲ್ ಹತ್ತಿ ಮೇಷ್ಟ್ರ ಮನೆಗೆ ಹೋದೆ.

“ಮೇಷ್ಟ್ರೇ, ಗೌಡರೇ ಸಾರಿದ್ರೆ?”

“ಅಂದ್ರೆ?”

“ಅವರ ಮಾತನ್ನ ಕ್ಯಾಸೆಟ್ಟಿಗೆ ತುಂಬಿಸ್ಕಂತೀನಿ. ಬಂಡಿ ಮ್ಯಾಲೆ ಕ್ಯಾಸೆಟ್ ಹಾಕ್ತೀನಿ, ಬಾಯಿ ಮುಚ್ಕಂಡು ಕುಂದರ್ತೀನಿ. ಊರಿನ ಕಟ್ಟಳೆ, ಊರಿನ ಗೌಡ, ಊರಿಗೇ ಸಾರ್ತಾನೆ.”

ಮೇಷ್ಟ್ರು ನಗುವುದನ್ನು ನಾನು ನೋಡಿದ್ದು ಅದೇ ಮೊದಲು. “ಗೌಡ ಸಾರ್ತಾನೆ, ನೀನು ಗುಂಡಿ ಒತ್ತೀಯ. ಆಗಲಿ. ಆದ್ರೆ ನಿನ್ನ ಬಾಯಿಂದ ಒಂದು ಮಾತು ಬರಬಾರ್ದು.”

ಗೌಡರೂ ಒಪ್ಪಿದರು. ಮಕ್ಕಳ ಮೈಮೇಲಿನ ಗುಳ್ಳೆ ಅವರ ಮನೆಯನ್ನೂ ಬಿಟ್ಟಿರಲಿಲ್ಲ. ಮೊಮ್ಮಗ ಬೇವಿನ ಸೊಪ್ಪಿನ ಮೇಲೆ ಮಲಗಿದ್ದ.

ಇನ್ನು ತುಂಬಿಸುವ ಕೆಲಸ. ಮೌತ್‌ಪೀಸಿನ ವೈರು ಮೂರು ಮಾರು. ಗೌಡರು ನಡುಮನೆಯಲ್ಲಿ ಕೂತರೆ ನಾನು ಜಗಲಿ ಹತ್ತಬೇಕು, ಹತ್ತುವ ಹಾಗಿಲ್ಲ. ನಾನು ಅಂಗಳದಲ್ಲೇ ನಿಂತರೆ ಅವರು ಬೀದಿಯ ಎದುರು ಕೂತು ಮಾತಾಡಬೇಕು, ಅದು ಅವರಿಗೆ ಆಗುವುದಿಲ್ಲ. ನಾವಿಬ್ಬರೂ ಕಾಲಿಡಬಹುದಾದ ಜಾಗ ಎಂದರೆ ದನದ ಕೊಟ್ಟಿಗೆ. ಅಲ್ಲಿಗೆ ಹೋದೆವು. ಎತ್ತುಗಳ ಕೊರಳಗಂಟೆಗೆ ಹುಲ್ಲು ತುರುಕಿದೆ. ಸದ್ದು ಗಡಸಾಗದಿರಲೆಂದು ಮೌತ್‌ಪೀಸಿಗೆ ಒದ್ದೆ ಕರ್ಚೀಪು ಸುತ್ತಿದೆ. ಬಾಯಿಂದ ಒಂದು ಗೇಣು ದೂರ ಹಿಡಿಯಿರಿ, ಕೆಂಪು ದೀಪ ಬಂದ ಮೇಲೆ ಮಾತಾಡಿ ಎಂದೆ. ಊರಿಗೆ ಊರನ್ನೇ ಗದರುವ ಗೌಡರು ಆ ಸಣ್ಣ ದೀಪ ನೋಡಿ ಪರೀಕ್ಷೆಗೆ ಕೂತ ಹುಡುಗನ ಹಾಗಾದರು.

ಮೊದಲ ಸಲ ಕರು ಅಂಬಾ ಎಂದಿತು. ಎರಡನೆಯ ಸಲ ಗೌಡರು “ಹೊರಬೀಡು, ಹೋಗ್ರಿ ಎಲ್ಲಾ” ಎಂದು ಅಷ್ಟಕ್ಕೇ ನಿಲ್ಲಿಸಿದರು.

“ಹಂಗಲ್ಲ ಗೌಡ್ರೇ. ‘ಕೇಳ್ರಪ್ಪೋ ಕೇಳ್ರಿ’ ಅಂತ ಶುರು ಮಾಡ್ಬೇಕು. ಅದಿಲ್ಲಾಂದ್ರೆ ಸಾರಿದಂಗೆ ಆಗಲ್ಲ.”

“ಕೇಳ್...” ಎಂದರು. ಕೆಮ್ಮಿದರು. “ಕೇಳ್ರಪ್...” ಮುಖ ಕೆಂಪಾಯಿತು. ಮತ್ತೆ ಮತ್ತೆ ಪ್ರಯತ್ನಿಸಿದರು. ಕೊನೆಗೆ ಮೌತ್‌ಪೀಸನ್ನು ಗೋದಲಿಯ ಮೇಲೆ ಇಟ್ಟರು. “ಆಗಲ್ಲ ಕಣೋ. ಅದು ನಿಮ್ಮಪ್ಪನ ಮಾತು. ನನ್ನ ಬಾಯಾಗೆ ತಿರುಗಲ್ಲ.”

ಎತ್ತಿನ ಬೆನ್ನು ಸವರುತ್ತಾ ನನ್ನ ಕಡೆ ತಿರುಗಿದರು.

“ನೀ ನನ್ ದನಿ ಮಾಡ್ತೀಯಲ್ಲ.”

ನಾನು ವೈರು ಸುತ್ತಿಕೊಳ್ಳತೊಡಗಿದೆ. “ಯಾರಂದ್ರು ಗೌಡ್ರೇ?”

“ಯಾರೂ ಅಂದಿಲ್ಲ. ಜಗಳೂರು ಬಸ್ ಸ್ಟ್ಯಾಂಡಾಗೆ ಕಂಬದ ಹಿಂದೆ ನಿಂತು ನಾನೇ ಕೇಳೀನಿ. ನನಗೇ ಭಯ ಬಂತು. ಮಾಡು ಈಗ.”

ಆಗುವುದಿಲ್ಲ ಎಂದು ಹೇಳಬಹುದಿತ್ತೇ? ಹೇಳಿದರೆ ಹೊರಬೀಡು ನಿಂತದ್ದು ನಮ್ಮ ಕೇರಿಯಿಂದ ಎಂದಾಗುತ್ತದೆ. ಒಂದು ಮಗುವಿಗೆ ಹೆಚ್ಚುಕಡಿಮೆಯಾದರೆ ಬಂದು ನಿಲ್ಲುವುದು ನಮ್ಮ ಬಾಗಿಲಿಗೇ. ಮಾಡಿದರೆ ಸಂಘದ ಮಾತು ಮುರಿಯುತ್ತದೆ. ಇದನ್ನೆಲ್ಲ ಯೋಚಿಸಿದೆ ಎಂದು ಬರೆದರೆ ಗೌರವವಾಗಿ ಕಾಣುತ್ತದೆ. ನಿಜ ಏನೆಂದರೆ, ಯಾರ ದನಿಯೋ ಅವರೇ ಎದುರು ಕೂತು ಮಾಡು ಅನ್ನುವ ಭಾಗ್ಯ ಯಾವ ಮಿಮಿಕ್ರಿಯವನಿಗೆ ಸಿಕ್ಕೀತು? ಕೆಂಪು ದೀಪ ಬಂತು.

“ಕೇಳ್ರಪ್ಪೋ ಕೇಳ್ರಿ! ಹ್ಞಾಂ... ಬರೋ ಮಂಗಳಾರ ಊರಿಗೆ ಹೊರಬೀಡು. ಹೊತ್ತು ಹುಟ್ಟಾದ್ರಾಗೆ ಬಾಗ್ಲು ಹಾಕ್ಕಂಡು ಸೀಮೆ ದಾಟ್ಬೇಕು. ಊರಾಗೆ ಯಾರೂ ಒಲಿ ಹಚ್ಚಂಗಿಲ್ಲ. ತಿಳೀತಾ...”

ಒಂದೇ ಸಲಕ್ಕೆ ಆಯಿತು. ಕರು ಕೂಡ ಸುಮ್ಮನಿತ್ತು. ಗೌಡರು ತಲೆಯಾಡಿಸಿದರು.

ಸೋಮವಾರದವರೆಗೆ ಬಂಡಿ ಊರೆಲ್ಲ ತಿರುಗಿತು. ಒಂದು ಹಾರ್ನು ಮುಂದಕ್ಕೆ, ಒಂದು ಹಿಂದಕ್ಕೆ. ಗಾಳಿಗೆ ಎದುರಾಗಿ ಹೋಗುವಾಗ ಹಿಂದಿನದನ್ನು ಸ್ವಲ್ಪ ಮೇಲೆತ್ತಬೇಕು. ಸಾರಿದ್ದು ಮುಗಿದ ಕೂಡಲೇ ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ ಮತ್ತೆ ಮೊದಲಿಂದ. ನಾನು ಬಾಯಿ ತುಂಬ ಶೇಂಗಾ ಹಾಕಿಕೊಂಡು, ಎಲ್ಲರಿಗೂ ಕಾಣುವ ಹಾಗೆ ದವಡೆ ಆಡಿಸುತ್ತಾ ಕೂತಿದ್ದೆ. ನಮ್ಮ ಕೇರಿಗೆ ಬಂದಾಗ ಮುದುಕಿಯರು ಬಾಗಿಲಿಗೆ ಬಂದರು. ಹುಡುಗರು ಬಂಡಿಯ ಹಿಂದೆ ಕುಣಿದರು.

“ಅಯ್ಯೋ ಶಿವನೇ, ಗೌಡ ಸಾರಾಕತ್ಯಾನೆ ಕಣ್ರೇ! ನಮ್ಮ ಓಣಿಗೆ ಬಂದು ಸಾರಾಕತ್ಯಾನೆ!”

ಮೇಷ್ಟ್ರು ಗೇಟಿನ ಹತ್ತಿರ ಕೈಕಟ್ಟಿ ನಿಂತು ಕೊನೆಯವರೆಗೆ ಕೇಳಿದರು. ಅಪ್ಪ ಮಾತ್ರ ಒಳಗಿಂದ ಬರಲಿಲ್ಲ. ಅವನು ಆ ಸಾಲುಗಳನ್ನು ಆಯುಷ್ಯವೆಲ್ಲ ಸಾರಿದವನು. ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂದು ನನಗೆ ಕಲಿಸಿದವನು ಯಾರು ಎಂದು ಅವನಿಗೆ ಗೊತ್ತಿತ್ತು.

ಮಂಗಳವಾರ ಊರಾಚೆಯ ಹುಣಸೆ ತೋಪಿನಲ್ಲಿ ಒಲೆಗಳು ಉರಿಯುತ್ತಿದ್ದವು. ನಾನು ಒಂದು ಮರಕ್ಕೆ ಹಾರ್ನ್ ಕಟ್ಟಿ ದೇವರ ಹಾಡು ಹಾಕಿದ್ದೆ. ಅಲ್ಲಿ ಗೌಡರ ದಾಯಾದಿಯೊಬ್ಬರು ಹತ್ತು ಜನರ ನಡುವೆ ನಿಂತು ಕೂಗಿದರು:

“ಏನ್ ಗೌಡ್ರೇ, ಹಲಗೆ ಎಲ್ಲಿ ಬಿಟ್ಟು ಬಂದ್ರಿ? ಸಾರಾದೇನೋ ಚೆನ್ನಾಗಿ ಸಾರಿದ್ರಿ. ಮುಂದಿನ ಸಲ ಟವೆಲ್ ತರ್ರಿ, ನಮ್ಮ ಮನ್ಯಾಗೆ ಒಂದು ಮುದ್ದಿ ಹಾಕ್ತೀವಿ.”

ನಗು ಎದ್ದಿತು. ಎಲ್ಲರೂ ನಕ್ಕು ಸುಮ್ಮನಾಗುತ್ತಾರೆ ಎಂದುಕೊಂಡೆ. ಆದರೆ ಆ ದಾಯಾದಿಗೆ ಗೌಡಿಕೆಯ ಮೇಲೆ ಮೊದಲಿಂದಲೂ ಕಣ್ಣಿತ್ತು. ವಾರದೊಳಗೆ ಅವರ ಜನ ಕಟ್ಟೆಯ ಮೇಲೆ ಕೂತರು. ಗೌಡನಾದವನು ಸಾರಿದ್ದು ಹೇಗೆ, ಕೇರಿಗೆ ಹೋಗಿ ಸಾರಿದ್ದು ಹೇಗೆ ಎಂದು ಕೇಳಿದರು. ಗೌಡರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ದನಿ ತನ್ನದಲ್ಲ, ಮೈಕಿನ ಹುಡುಗನದು ಎಂದರು.

ಆ ಮಾತು ಸಂಜೆಯೊಳಗೆ ನಮ್ಮ ಕೇರಿಗೆ ಬಂತು. ಭಾನುವಾರ ಸಂಘ ಸೇರಿತು. ಸಂತೇಬೆನ್ನೂರಿನಿಂದ ಗಂಡಿನ ದೊಡ್ಡಪ್ಪನೂ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಹೆಂಗಸರ ಕಡೆ ತಂಗಿ ಕಾಣುತ್ತಿದ್ದಳು. ನನ್ನ ಬಾಯನ್ನೇ ನೋಡುತ್ತಿದ್ದಳು.

“ಗೌಡ ನಿನ್ನ ಹೆಸರು ಹೇಳ್ಯಾನೆ” ಎಂದರು ಮೇಷ್ಟ್ರು. “ಕ್ಯಾಸೆಟ್ ಎಲ್ಲಿ?”

“ಸಾಹೇಬ್ರು ಅದರ ಮ್ಯಾಲೆ ಮದುವೆ ಹಾಡು ತುಂಬಿಸ್ಯಾರೆ.” ಅದು ನಿಜ. ಸಾಹೇಬರ ಅಂಗಡಿಯಲ್ಲಿ ಯಾವ ಕ್ಯಾಸೆಟ್ಟಿಗೂ ಒಂದು ವಾರಕ್ಕಿಂತ ಹೆಚ್ಚು ನೆನಪಿರುತ್ತಿರಲಿಲ್ಲ.

“ಹೋಗಲಿ. ಗಂಟಲು ಇಲ್ಲೇ ಐತಲ್ಲ. ಎದ್ದು ನಿಂತು ಗೌಡನ ದನಿ ಮಾಡು. ಎಲ್ಲರೂ ಕೇಳ್ಯಾರೆ, ಅದೇ ದನಿ ಹೌದೋ ಅಲ್ಲವೋ ಅವರೇ ಹೇಳ್ತಾರೆ.”

ಎದ್ದೆ. ಅಲ್ಲಿಯವರೆಗೆ ನನ್ನ ಕೆಲಸವೆಲ್ಲ ಒಂದು ದನಿಯನ್ನು ಹೇಗೆ ಹಿಡಿಯುವುದು ಎಂಬುದಾಗಿತ್ತು. ಬಿಡುವುದು ಹೇಗೆಂದು ಗೊತ್ತಿರಲಿಲ್ಲ. ಪೂರ್ತಿ ಬೇರೆ ದನಿ ಮಾಡಿದರೆ ಬೇಕೆಂದೇ ಮಾಡಿದ್ದು ಎಂದು ಗೊತ್ತಾಗುತ್ತದೆ. ಸ್ವಲ್ಪ ಹತ್ತಿರ ಹೋದರೆ ಗಂಟಲು ತಾನೇ ಜಾರಿ ಸರಿಯಾದ ಜಾಗದಲ್ಲಿ ಬೀಳುತ್ತದೆ. ಕೈಲಾಗದವನೊಬ್ಬ ಮನಸ್ಸಿಟ್ಟು ಪ್ರಯತ್ನಪಟ್ಟರೆ ಹೇಗಿರುತ್ತದೋ ಹಾಗೆ ಮಾಡಬೇಕು. ಅಂದರೆ, ಮಿಮಿಕ್ರಿ ಬಾರದವನ ಮಿಮಿಕ್ರಿ ಮಾಡಬೇಕು.

ದನಿಯನ್ನು ಮೂಗಿಗೆ ತಂದೆ. ಟೆಂಟ್ ಸಿನಿಮಾದ ಕೇಡಿಗಳ ಹಾಗೆ ಕಣ್ಣು ದೊಡ್ಡದು ಮಾಡಿದೆ. ‘ಹ್ಞಾಂ’ ಎಂಬುದನ್ನು ಮೊದಲಿಗೇ ಹಾಕಿದೆ. ‘ತಿಳೀತಾ’ವನ್ನು ನುಂಗದೆ ಕೊನೆಯ ಅಕ್ಷರ ಎಳೆದೆ. ಒಮ್ಮೆ ನಡುವೆ ಗಂಟಲು ತನ್ನ ಹಳೆಯ ಜಾಗ ಹುಡುಕಿಕೊಂಡು ಹೊರಟಿತು. ಕೆಮ್ಮಿ ಅದನ್ನು ಹೊರಕ್ಕೆಳೆದೆ.

ಮೊದಲು ಹಿಂದಿನ ಸಾಲಿನ ಹುಡುಗರು ನಕ್ಕರು. ಆಮೇಲೆ ಎಲ್ಲರೂ.

“ಥೂ, ಇದು ಗೌಡನಾ? ಕುರಿಗೆ ನೆಗಡಿ ಬಂದಂಗೆ ಐತೆ!”

“ಜಗಳೂರಾಗೆ ಭಾರಿ ಮಿಮಿಕ್ರಿ ಮಾಡ್ತಾನೆ ಅಂತಿದ್ರಲ್ಲಪ್ಪ, ಇವನಿಗಿಂತ ನಮ್ಮ ಮನಿ ರೇಡಿಯೋನೇ ವಾಸಿ, ಸೆಲ್ ಇಲ್ದಿದ್ರೂ.”

ಗಂಡಿನ ದೊಡ್ಡಪ್ಪ ಕಣ್ಣೊರೆಸಿಕೊಂಡು ನಗುತ್ತಿದ್ದರು. ತಂಗಿ ನಗಲಿಲ್ಲ. ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ಮೇಷ್ಟ್ರು ನನ್ನನ್ನೇ ನೋಡುತ್ತಿದ್ದವರು ಬೇರೆ ಕಡೆ ತಿರುಗಿ, “ಸಾಕು, ಕೂತ್ಕ” ಎಂದರು. ಅವರಿಗೆ ಗೊತ್ತಾಯಿತೇ ಎಂದು ನಾನು ಯಾವತ್ತೂ ಕೇಳಲಿಲ್ಲ. ಅವರೂ ಹೇಳಲಿಲ್ಲ. ಸಂಘ ಗೆದ್ದಿತ್ತು, ಗೌಡ ಸಾರಿದ್ದ, ಅಷ್ಟು ಎಲ್ಲರಿಗೂ ಬೇಕಾಗಿತ್ತು.

ಮದುವೆಯಾಯಿತು. ಹಂದರ ಹಾಕಲು ಮನೆಮನೆಯಿಂದಲೂ ಜನ ಬಂದರು. ನನಗೆ ‘ತಗಡು ಗೌಡ’ ಎಂಬ ಹೆಸರು ಬಿತ್ತು. ಬಡಿಸುವಾಗಲೂ “ತಗಡು ಗೌಡ್ರೇ, ಸಾರು ತರ್ರಿ” ಎಂದು ಕರೆದರು. ಹೋದಲ್ಲೆಲ್ಲ ಒಂದ್ಸಲ ಮಾಡು ಎಂದರು, ಮಾಡಿದೆ. ಕೆಟ್ಟದನ್ನು ಅಷ್ಟು ಸಲ ಮಾಡಿದ ಮೇಲೆ ಅದೂ ಒಂದು ಹದಕ್ಕೆ ಬಂತು. ಜಗಳೂರಿನ ಬಸ್ ಸ್ಟ್ಯಾಂಡಿನಲ್ಲೂ ಒಳ್ಳೆಯದನ್ನು ನಿಲ್ಲಿಸಿದೆ. ಅಲ್ಲಿ ನಮ್ಮೂರಿನವರು ಯಾವಾಗ ಇರುತ್ತಾರೆ, ಯಾವಾಗ ಇರುವುದಿಲ್ಲ ಎಂದು ಯಾರಿಗೆ ಗೊತ್ತು.

ಮಳೆಗಾಲದ ಮೊದಲು ಒಂದು ಮಧ್ಯಾಹ್ನ ಗೌಡರು ದಾವಣಗೆರೆ ಬಸ್ಸಿಗೆಂದು ಬಂದು ಅಂಗಡಿಯ ನೆರಳಿನಲ್ಲಿ ನಿಂತರು. ಗೌಡಿಕೆ ಆಗಲೇ ದಾಯಾದಿಯ ಕೈಗೆ ಹೋಗಿತ್ತು. ಅಂಗಡಿಯ ಬೆಂಚಿನ ಮೇಲೆ ನಮ್ಮ ಕೇರಿಯ ಇಬ್ಬರು ಅದೇ ಬಸ್ಸಿಗೆ ಕಾಯುತ್ತಿದ್ದರು. ಗೌಡರು ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದರು.

“ಸಂಘದಾಗೆ ಕೆಟ್ಟದಾಗಿ ಮಾಡಿದೆಯಂತೆ?”

“ಹೂಂ ಗೌಡ್ರೇ. ತಂಗಿ ಮದುವೆ ಇತ್ತು.”

“ಗೊತ್ತು. ಅವತ್ತೇ ಸುದ್ದಿ ಬಂತು, ಆ ಹುಡುಗನಿಗೆ ನಿನ್ನ ಕೆಮ್ಮು ಮಾಡಾಕೂ ಬರಲ್ಲಂತೆ ಅಂದ್ರು. ಆಮ್ಯಾಲೆ ನಮ್ಮೋರು ಏನಂದ್ರು ಗೊತ್ತಾ? ಸಾರಿಲ್ಲ ಅಂತೀಯಲ್ಲ, ಇಲ್ಲೇ ಒಂದ್ಸಲ ‘ಕೇಳ್ರಪ್ಪೋ’ ಅನ್ನು, ಅದೇ ದನೀನೋ ಬ್ಯಾರೆನೋ ನೋಡಾನ ಅಂದ್ರು. ನಾನು ಸಾರಿಲ್ಲ ಅಂತ ತೋರ್ಸಾಕೆ ಊರ ಮುಂದೆ ನಿಂತು ಸಾರ್ಲಾ? ಬಾಯಿ ತೆಗೀಲಿಲ್ಲ. ತೆಗೀಲಿಲ್ಲ ಅಂತ ತಪ್ಪು ನಂದೇ ಆತು.”

ಬ್ಯಾಟರಿಯ ಮುಚ್ಚಳ ಒರೆಸುತ್ತಾ ನಿಂತೆ. ಅವರ ಮೇಲೆ ಕನಿಕರ ಬಂತು. ಅದರ ಬೆನ್ನಿಗೇ ಅವರ ಹಿತ್ತಿಲಲ್ಲಿ ನಿಂತ ಅಪ್ಪ ಕಣ್ಣಿಗೆ ಬಂದ. ಎರಡೂ ಹೋಗಲಿಲ್ಲ.

“ಒಂದ್ಸಲ ಮಾಡು” ಎಂದರು. “ಕೊಟ್ಟಿಗ್ಯಾಗೆ ಮಾಡಿದ್ಯಲ್ಲ, ಅದು. ಈಗ ನಾನು ಹಂಗೆ ಮಾತಾಡಾದೇ ಬಿಟ್ಟೀನಿ. ಕೇಳಬೇಕು ಅನ್ಸೇತಿ.”

ಬೆಂಚಿನ ಮೇಲಿದ್ದವರ ಮಾತು ನಿಂತಿತ್ತು. ಒಬ್ಬ ಬೀಡಿ ಹಚ್ಚುವುದನ್ನು ಬಿಟ್ಟು ಇತ್ತ ತಿರುಗಿದ. “ಮಾಡೋ ತಗಡು ಗೌಡ, ಗೌಡ್ರೇ ಕೇಳ್ತಾವ್ರೆ!”

ನಾನು ದನಿಯನ್ನು ಮೂಗಿಗೆ ತಂದು, ಕಣ್ಣು ದೊಡ್ಡದು ಮಾಡಿ, ಕೆಟ್ಟದ್ದನ್ನೇ ಮಾಡಿದೆ. ಮೊದಲಿಂದ ಕೊನೆಯವರೆಗೆ, ಒಂದು ಅಕ್ಷರವೂ ಬಿಡದೆ. ಬೆಂಚಿನವರು ತೊಡೆ ತಟ್ಟಿಕೊಂಡು ನಕ್ಕರು. ಗೌಡರು ನಗಲಿಲ್ಲ. ಸುದ್ದಿ ಕೇಳುವವರ ಹಾಗೆ ತಲೆ ಓರೆ ಮಾಡಿ ಪೂರ್ತಿ ಕೇಳಿದರು. ಆಮೇಲೆ ಬೆಂಚಿನ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿ, “ಇದೇ ಇರ್ಲಿ ಬಿಡು. ನಿನಗೆ ಇದೇ ವಾಸಿ” ಎಂದರು.

ಬಸ್ಸು ಇನ್ನೂ ಬಂದಿರಲಿಲ್ಲ. ಬೆಂಚಿನವರು ಇನ್ನೊಂದ್ಸಲ, ಇನ್ನೊಂದ್ಸಲ ಎನ್ನುತ್ತಿದ್ದರು. ಗೌಡರು ಪಕ್ಕದಲ್ಲೇ ನಿಂತಿದ್ದ ಹಾಗೆಯೇ ನಾನು ಮತ್ತೊಮ್ಮೆ ಶುರು ಮಾಡಿದೆ.